ಹನ್ನೆರಡನೇ ಸಾಲಿನ ಕುಡಿ ಮುರಿದ ಕೈ

ತಲೆಗೆ ಕಂಪನಿಯ ಟೋಪಿ, ಕೈಯಲ್ಲಿ ಫೀಲ್ಡ್ ಬುಕ್, ಕಾಲು ಮಾತ್ರ ಬದುವಿನ ಮೇಲೆ. ಬೀಜದ ಕಂಪನಿಗಳಿಗೆ ಹೊಸದಾಗಿ ಸೇರಿದ ಹುಡುಗರು ಹೀಗೆ ನಿಂತಿರುವುದನ್ನು ಬಸ್ಸಿನ ಕಿಟಕಿಯಿಂದ ಈಗಲೂ ನೋಡುತ್ತೇನೆ. ಇಳಿದರೆ ಬೂಟು ಕೆಸರಾಗುತ್ತದೆ, ನಿಜ. ಆದರೆ ಹೂಕೋಸು ಬದುವಿನ ಮೇಲೆ ಬೆಳೆಯುವುದಿಲ್ಲ. ಇಷ್ಟು ಸಣ್ಣ ಮಾತು ಹೇಳಲು ಒಬ್ಬ ರಿಟೈರಾದವನು ಬೇಕೇ ಅಂದರೆ, ಬೇಕು. ನಿಮಗೆ ಪಾಠ ಹೇಳಿದವರೂ ಬದುವಿನ ಮೇಲೆ ನಿಂತೇ ಕಲಿತವರು, ಅವರಿಂದ ನಿಮಗೆ ಇದು ಸಿಕ್ಕುವುದಿಲ್ಲ.

ನಾನು ಓದಿದ್ದು ಹತ್ತನೇ ಕ್ಲಾಸು, ಅದೂ ಎರಡನೇ ಏಟಿಗೆ ಪಾಸು. ಹುಣಸೂರಿನ ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತು, ಆಮೇಲೆ ಮೂಟೆ ಕೊಂಡು, ಆಮೇಲೆ ಮಾರಿ ಬದುಕಿದವನು. ಮೇಲಿನ ಎರಡು ಕಾಯಿ ನೋಡಿ ತಳದಲ್ಲಿ ಏನಿದೆ ಅಂತ ಹೇಳುವುದು ನನ್ನ ವಿದ್ಯೆ. ತೊಂಬತ್ತರ ದಶಕದ ನಡುವೆ ಒಂದು ಬೀಜದ ಕಂಪನಿಯವರು ಗಾವಡಗೆರೆ ಕಡೆ ಹೊಲ ಗುತ್ತಿಗೆಗೆ ಕೇಳಿಕೊಂಡು ಬಂದರು. ರೈತನ ಪರವಾಗಿ ಮಾತಾಡಲು ಹೋದವನು ನಾನು. ಅವರನ್ನು ಎಷ್ಟು ಸುಸ್ತು ಮಾಡಿದೆನೆಂದರೆ, ಈ ಮನುಷ್ಯ ಎದುರು ಪಕ್ಷದಲ್ಲಿ ಇರುವುದಕ್ಕಿಂತ ನಮ್ಮ ಕಡೆ ಇರುವುದೇ ಮೇಲು ಅಂತ ಅವರೇ ಕೆಲಸ ಕೊಟ್ಟರು. ಅರ್ಜಿ ಬರೆದು ಸೇರಿದವನಲ್ಲ, ಚೌಕಾಸಿ ಮಾಡಿ ಸೇರಿದವನು.

ಕೆಲಸ ಏನು ಅಂದರೆ, ನಲವತ್ತು ಬಗೆಯ ಹೂಕೋಸು, ಬಗೆಗೊಂದು ಸಾಲು, ಊರೂರಿನ ಪ್ರಯೋಗದ ಪ್ಲಾಟುಗಳಲ್ಲೆಲ್ಲ ಅದೇ ನಂಬರಿನಲ್ಲಿ. ಗಿಡಕ್ಕೆ ಎಲೆ ಎಷ್ಟು, ಎಷ್ಟು ದಿನಕ್ಕೆ ಗೆಡ್ಡೆ ಕಟ್ಟಿತು, ಅದರ ಅಗಲ ಎಷ್ಟು, ತೂಕ ಎಷ್ಟು, ಎಲ್ಲ ಬರೆಯಬೇಕು. ಗೆಡ್ಡೆ ಅಂದರೆ ನಾವು ತಿನ್ನುವ ಬಿಳಿ ಭಾಗ. ಅದನ್ನು ಕೊಯ್ಯದೆ ಬಿಟ್ಟರೆ ಒಡೆದು, ಉದ್ದುದ್ದ ದಂಟು ಎದ್ದು, ಹಳದಿ ಹೂ ಬಿಟ್ಟು, ಕಾಯಾಗಿ ಬೀಜ ಬರುತ್ತದೆ. ಗಿಡಗಿಡಕ್ಕೂ ಇರುವ ವ್ಯತ್ಯಾಸದಲ್ಲಿ ಯಾವುದು ಬೀಜದಿಂದ ಬಂದ ಗುಣ, ಯಾವುದು ಗೊಬ್ಬರದ ಮಹಿಮೆ ಅಂತ ಬೇರ್ಪಡಿಸುವುದೇ ಈ ವಿದ್ಯೆಯ ಸಾರ. ಬೀಜದ ಗುಣವಾದರೆ ಮಕ್ಕಳಿಗೂ ಹೋಗುತ್ತದೆ, ಗೊಬ್ಬರದ್ದಾದರೆ ಆ ಗಿಡದ ಜೊತೆಗೇ ಸಾಯುತ್ತದೆ. ಒಂದು ವಾಕ್ಯದ ಸಂಗತಿ. ಇದಕ್ಕೆ ನಮ್ಮ ಸಾಹೇಬರು ಒಂಬತ್ತು ವರ್ಷ ಓದಿದ್ದರಂತೆ.

ಸಾಹೇಬರು ಅಂದರೆ ನಮ್ಮ ಮೇಲಿನ ಡಾಕ್ಟರು, ಜ್ವರಕ್ಕೆ ಮಾತ್ರೆ ಕೊಡುವವರಲ್ಲ, ತಳಿಯಲ್ಲಿ ಡಾಕ್ಟರಾದವರು. ಹೆಸರು ಬೇಡ. ಕೂಲಿ ಹೆಂಗಸರು ಅವರಿಗೆ ಇಟ್ಟ ಹೆಸರು ‘ಸರಾಸರಿ ಡಾಕ್ಟ್ರು’. ಯಾವ ಗಿಡ ತೋರಿಸಿದರೂ ‘ಸರಾಸರಿ ಎಷ್ಟು?’ ಅನ್ನುವುದೇ ಅವರ ಮೊದಲ ಮಾತು.

ಅವರ ಬುದ್ಧಿವಂತಿಕೆಯನ್ನು ಸ್ವಲ್ಪ ಸ್ವಲ್ಪ ಹೇಳುತ್ತೇನೆ, ಒಟ್ಟಿಗೆ ತಡೆಯಲಾಗದು.

ಪಿರಿಯಾಪಟ್ಟಣದ ಪ್ಲಾಟಿನಲ್ಲಿ ಒಂದು ವರ್ಷ ಮೂರನೇ ಸಾಲು ಆನೆಮರಿಯ ಹಾಗೆ ಬೆಳೆಯಿತು. ಡಾಕ್ಟರು ಫೋಟೋ ಹೊಡೆಸಿಕೊಂಡು, ಇದು ವಂಶಗುಣ, ಇದನ್ನೇ ಮುಂದಕ್ಕೆ ಒಯ್ಯುವುದು ಅಂದರು. ಹೊಲದ ಯಜಮಾನ ನನ್ನ ಕಿವಿಯಲ್ಲಿ, ಅಲ್ಲಿ ನಮ್ಮಪ್ಪನ ಕಾಲದಿಂದ ತಿಪ್ಪೆ ಇತ್ತು, ಹೋದ ವರ್ಷ ತಾನೆ ಬಗೆದದ್ದು ಅಂದ. ನಾನು ಡಾಕ್ಟರಿಗೆ ಹೇಳಿದೆ. ತಿಪ್ಪೆಗೆ ಲೆಕ್ಕದಲ್ಲಿ ಜಾಗ ಇಲ್ಲ ಅಂದರು. ಮುಂದಿನ ವರ್ಷ ಅದೇ ಬೀಜ ಬೇರೆ ಕಡೆ ಹಾಕಿದಾಗ ಗೆಡ್ಡೆ ನಿಂಬೆಹಣ್ಣಿನಷ್ಟಾಯಿತು.

ಕೆ.ಆರ್. ನಗರದ ಕಾಲುವೆ ಪಕ್ಕದ ಪ್ಲಾಟಿನಲ್ಲಿ ಏಳನೇ ಸಾಲನ್ನು ಬುಡ ಸಮೇತ ಕಿತ್ತು, ಎಲೆಯೊಂದಿಗೇ ತಕ್ಕಡಿಗೆ ಹಾಕಿಸಿ, ಇಳುವರಿಯಲ್ಲಿ ಇದೇ ಮೊದಲು ಅಂತ ಬರೆಸಿದರು. ಅದನ್ನು ಮಂಡಿಗೆ ಒಯ್ದೆ. ಕೊಳ್ಳುವವನು ಎಲೆ ಮುರಿದು ಎಸೆದ, ಮುರಿದ, ಎಸೆದ. ಕೊನೆಗೆ ಒಳಗಿದ್ದ ಗೆಡ್ಡೆಯನ್ನು ಬೆರಳಲ್ಲಿ ಎತ್ತಿ ತೋರಿಸಿ, ಸಿವಣ್ಣ, ದನದ್ ಮೇವ್ಗೆ ಯಾವಾಗಿಂದ ಬೀಜ ಮಾಡ್ತಾ ಇದ್ದೀಯಪ್ಪ ಅಂದ. ಹುಡುಗರೇ, ತೂಕ ಬರೆಯುವ ಮುಂಚೆ ಯಾವುದರ ತೂಕ ಅಂತ ಕೇಳಿ. ಕೊಳ್ಳುವವನು ಯಾವುದನ್ನು ಎಸೆಯುತ್ತಾನೋ ಅದು ಇಳುವರಿಯಲ್ಲ.

ಇನ್ನು ಹನ್ನೆರಡನೇ ಸಾಲು. ಇಷ್ಟು ಬರೆಯಲು ಕೂತದ್ದೇ ಅದಕ್ಕೆ.

ಗಾವಡಗೆರೆ ಪ್ಲಾಟಿನಲ್ಲಿ ಐದು ಜನ ಹೆಂಗಸರು ಕೆಲಸಕ್ಕಿದ್ದರು. ಅವರಿಗೆ ಮುಂದಾಳು ಸಣ್ಣಮ್ಮ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಆ ಸೀಮೆಯ ಎಲ್ಲರ ಹಾಗೆ ಹೊಗೆಸೊಪ್ಪಿನಲ್ಲಿ ಬೆಳೆದ ಕೈ. ನಾಟಿ, ಕುಡಿ ಮುರಿಯುವುದು, ಎಲೆ ಬಿಡಿಸುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ನಲ್ಲಿ ಬೇಯಿಸುವುದು, ಎಲ್ಲ. ಆದರೆ ಬ್ಯಾರನ್ ಅಂದರೆ ಎಲೆ ಹದ ಮಾಡುವ ಬೆಂಕಿಮನೆ, ಅದರ ಬಿಸಿಗೆ ಅವಳ ಎದೆ ಕೆಟ್ಟಿತ್ತು, ಒಳಗೆ ಹೋದರೆ ಹಿಡಿದ ಕೆಮ್ಮು ಬಿಡುತ್ತಿರಲಿಲ್ಲ. ಹೂಕೋಸಿನ ಪ್ಲಾಟು ವರ್ಷವಿಡೀ ನಡೆದರೆ ಅವಳು ಬ್ಯಾರನ್ ಬಾಗಿಲು ನೋಡಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಹನ್ನೆರಡನೇ ಸಾಲನ್ನು ಕಂಡುಹಿಡಿದವಳು ಅವಳು. ಆ ಸಾಲು ನೋಡಲು ಅಂದವಿಲ್ಲ, ಒಂದು ಗಿಡ ಗಿಡ್ಡ, ಒಂದು ಎತ್ತರ, ಕೆಲವು ಗೆಡ್ಡೆ ಕೈಮುಷ್ಟಿಯಷ್ಟು. ಡಾಕ್ಟರು ಸರಾಸರಿ ತೆಗೆದು ಸಾಲನ್ನೇ ಹೊಡೆದುಹಾಕಿ ಅಂದಿದ್ದರು. ಸಣ್ಣಮ್ಮ ಮಾತ್ರ ಆ ಸಾಲಿನ ಇಪ್ಪತ್ತು ಗಿಡಗಳಿಗೆ ಹಳೇ ಸೀರೆಯ ಚೂರು ಕಟ್ಟಿದ್ದಳು. ಯಾಕಕ್ಕ ಅಂದರೆ ಬಗ್ಗಿ ತೋರಿಸಿದಳು. ಆ ಇಪ್ಪತ್ತರಲ್ಲಿ ಒಳ ಎಲೆಗಳು ತಾವೇ ಮಡಚಿ ಗೆಡ್ಡೆಯ ಮೇಲೆ ಮುಸುಕು ಹಾಕಿಕೊಂಡಿದ್ದವು. ಬಿಸಿಲಿಗೆ ಪಕ್ಕದ ಸಾಲುಗಳ ಗೆಡ್ಡೆ ಹಳದಿಗೆ ತಿರುಗಿ ಅಕ್ಕಿ ನುಚ್ಚಿನ ಹಾಗೆ ತರಿತರಿಯಾಗಿದ್ದರೆ, ಇವು ಬಿಳಿ, ಕಲ್ಲಿನ ಹಾಗೆ ಗಟ್ಟಿ. ‘ಸೆರಗ್ ಒದ್ಕಂಡಿರೋ ಎಣ್ಮಕ್ಳಂಗವೆ ನೋಡಿ’ ಅಂದಳು.

ಮಂಡಿಯವನಿಗೆ ಇದು ತಕ್ಷಣ ತಿಳಿಯುತ್ತದೆ. ಮೂಟೆಯಲ್ಲಿ ಅರ್ಧ ಕೆಟ್ಟಿದ್ದರೆ ಮೂಟೆ ಎಸೆಯುವುದಿಲ್ಲ, ಸುರಿದು ಆರಿಸುತ್ತಾನೆ. ಎಲ್ಲ ಒಂದೇ ಥರ ಇದ್ದರೆ ಆರಿಸುವುದಕ್ಕೆ ಏನಿದೆ? ವ್ಯತ್ಯಾಸ ಇರುವ ಸಾಲಿನಲ್ಲೇ ಲಾಭ ಅಡಗಿರುವುದು. ಡಾಕ್ಟರ ಪುಸ್ತಕದಲ್ಲೂ ಇದೇ ಬರೆದಿದೆಯಂತೆ, ಆಮೇಲೆ ತಿಳಿಯಿತು. ಪುಸ್ತಕದಲ್ಲಿದ್ದದ್ದು ಹೊಲದಲ್ಲಿ ಕಂಡರೆ ಗುರುತು ಹಿಡಿಯದವರು ಅವರು.

ಅವರ ಜೊತೆ ಒಂದು ವಾರ ಚೌಕಾಸಿ ಮಾಡಿದೆ. ಕೊನೆಗೆ ಅವರು ಒಪ್ಪಿದ ಕರಾರು ಇದು: ಆ ಇಪ್ಪತ್ತು ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡಿ, ಒಂದೇ ಒಂದು ಸಲ. ಒಳ್ಳೆಯ ಬೀಜ ಬಂದು ಮಕ್ಕಳಲ್ಲಿ ಗುಣ ನಿಂತರೆ ಗಾವಡಗೆರೆ ಪ್ಲಾಟು ವರ್ಷವಿಡೀ ಇರುತ್ತದೆ, ಸಣ್ಣಮ್ಮನೂ ಇರುತ್ತಾಳೆ. ಬರದಿದ್ದರೆ ಸಾಲೂ ಇಲ್ಲ, ಪ್ಲಾಟೂ ಇಲ್ಲ. ಜೊತೆಗೆ ತಮ್ಮ ಪ್ರೀತಿಯ ಏಳನೇ ಸಾಲು, ಅದೇ ದನದ ಮೇವು, ಗಾವಡಗೆರೆಯಲ್ಲೂ ಇತ್ತು, ನಡುವಿನ ಸಾಲು ಕೊಯ್ದಾದ ಮೇಲೆ ಇದಕ್ಕೆ ಅದೇ ಪಕ್ಕ, ಅದನ್ನೂ ಬೀಜಕ್ಕೆ ಬಿಡಿಸಿದರು. ಎರಡರ ಹೂವೂ ಒಟ್ಟಿಗೆ ಅರಳಿದರೆ ಜೇನು ಅದರ ಪುಡಿ ತಂದು ಇದಕ್ಕೆ ಹಾಕುತ್ತದೆ, ತಳಿ ಕೆಡುತ್ತದೆ ಅಂದೆ. ಬೇರೆ ಜಮೀನಿಲ್ಲ ಅಂದರು. ಇಡೀ ಹುಣಸೂರು ತಾಲ್ಲೂಕಿನಲ್ಲಿ ಇಪ್ಪತ್ತು ಗಿಡಕ್ಕೆ ಜಾಗ ಇರಲಿಲ್ಲವಂತೆ.

ದಂಟು ಏಳುವ ಹೊತ್ತಿಗೆ ಎಚ್.ಡಿ. ಕೋಟೆಯಿಂದ ಸುದ್ದಿ ಬಂತು. ಕಾಕನಕೋಟೆ ಕಾಡಂಚಿನ ನಮ್ಮ ಪ್ಲಾಟಿಗೆ ಆನೆ ನುಗ್ಗಿದೆ ಅಂತ. ಹೊರಡುವಾಗ ಸಣ್ಣಮ್ಮನನ್ನು ಕರೆದು, ಅಕ್ಕ, ನಾನು ಬರೋವರೆಗೆ ನಿಮ್ಮದೇ ಬೆಳೆ ಅಂದ್ಕೊಂಡು ನೋಡ್ಕೊಳ್ಳಿ ಅಂದೆ. ಈ ಮಾತನ್ನು ನೆನಪಿಡಿ. ಅದುವರೆಗೆ ನಾವು ಗೆಡ್ಡೆ ಕೊಯ್ದು ತೂಗುತ್ತಿದ್ದೆವೇ ಹೊರತು ಬೀಜಕ್ಕೆ ಬಿಟ್ಟದ್ದೇ ಇಲ್ಲ. ಮುಂದೆ ದಂಟು ಏಳುತ್ತದೆ, ಹೂ ಬಿಡುತ್ತದೆ, ಅದು ಬೇಕು ಅಂತ ನಾನು ಆ ಹೆಂಗಸರಿಗೆ ಒಂದು ಮಾತು ಹೇಳಿರಲಿಲ್ಲ. ಡಾಕ್ಟರ ಜೊತೆ ವಾರವಿಡೀ ವಾದ ಮಾಡಿದ ಬಾಯಿಗೆ ಅಷ್ಟು ಹೊಳೆಯಲಿಲ್ಲ.

ಕೋಟೆಯಲ್ಲಿ ಆನೆ ಪ್ಲಾಟನ್ನು ಚೊಕ್ಕಟ ಮಾಡಿಹೋಗಿತ್ತು. ಅಲ್ಲಿನ ಅಂಕಿಗೆ ಏನು ಬರೆಯಲಿ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬೇರೆ ಪ್ಲಾಟುಗಳಿಂದ ಲೆಕ್ಕ ಹಾಕಿ ತುಂಬೋಣ, ಅದಕ್ಕೆ ಸೂತ್ರ ಇದೆ ಅಂದರು. ಆನೆ ತಿಂದ ಹೂಕೋಸಿಗೂ ಸರಾಸರಿ ತೂಕ ಬರೆದ ದೇಶ ನಮ್ಮದು.

ಎರಡು ದಿನ ಬಿಟ್ಟು ಗಾವಡಗೆರೆಗೆ ಬಂದರೆ ಸಣ್ಣಮ್ಮ ಬದುವಿನ ಹತ್ತಿರವೇ ನಗುತ್ತಾ ನಿಂತಿದ್ದಳು. ಆ ವರ್ಷ ಮಳೆ ತಡವಾಗಿ ಹೊಗೆಸೊಪ್ಪೂ ತಡವಾಗಿತ್ತು. ಹೆಂಗಸರು ಬೆಳಗ್ಗೆ ತಮ್ಮ ಹೊಲದಲ್ಲಿ ಕುಡಿ ಮುರಿದು ಮಧ್ಯಾಹ್ನ ನಮ್ಮ ಪ್ಲಾಟಿಗೆ ಬರುತ್ತಿದ್ದರು.

‘ಅಣ್ಣ, ಆ ಸಾಲು ಪೂರ್ತಿ ಕುಡಿ ಮುರ್ದಿವ್ನಿ. ಊವೆತ್ತಿ ಸಾರವೆಲ್ಲ ಮ್ಯಾಕ್ ವೋಯ್ತಿತ್ತು. ಪಕ್ಕದ್ ಸಾಲ್ಗೂ ಕೈ ಆಕವ ಅಂತಿದ್ವಿ, ಅಷ್ಟ್ರಲ್ಲಿ ಮಳೆ ಬಂತು.’

ಹೊಗೆಸೊಪ್ಪಿಗೆ ಹೂ ಎದ್ದರೆ ಎಲೆ ತೆಳ್ಳಗಾಗುತ್ತದೆ, ಅದಕ್ಕೆ ಎದ್ದ ಕೂಡಲೇ ಮುರಿಯಬೇಕು. ತನ್ನ ಬೆಳೆಗೆ ಯಾವ ಉಪಚಾರ ಮಾಡುತ್ತಾಳೋ ಅದನ್ನೇ ಮಾಡಿದ್ದಳು, ನಾನು ಹೇಳಿದ ಹಾಗೆಯೇ. ಇಪ್ಪತ್ತು ಗಿಡದ ದಂಟೂ ಮಣ್ಣಿನಲ್ಲಿ ಬಿದ್ದಿದ್ದವು. ನನ್ನ ಮುಖ ನೋಡಿದ ಕೂಡಲೇ ಅವಳ ನಗು ನಿಂತಿತು.

ಮಾರನೇ ದಿನ ಡಾಕ್ಟರ ಜೀಪು ಬಂತು. ಯಾರು ಹೇಳಿದ್ದು ಇದನ್ನು ಮಾಡಲು ಅಂತ ಕೇಳಿದರು. ಸಣ್ಣಮ್ಮ ನನ್ನ ಕಡೆ ನೋಡಿದಳು. ಉಳಿದ ನಾಲ್ವರೂ ನೋಡಿದರು. ನಾನು ಅಂದೆ:

‘ಹೆಂಗಸ್ರಿಗೆ ತಿಳೀಲಿಲ್ಲ ಸಾರ್.’

ಸುಳ್ಳಲ್ಲ, ನೋಡಿ. ಮಂಡಿಯಲ್ಲಿ ಕಲಿತ ವಿದ್ಯೆ, ಸುಳ್ಳು ಹೇಳದೆ ಮೋಸ ಮಾಡುವುದು. ಡಾಕ್ಟರು ಅವಳ ಹೆಸರನ್ನೂ ಕೇಳದೆ, ಇವಳು ನಾಳೆಯಿಂದ ಬೇಡ ಅಂದರು. ಸಣ್ಣಮ್ಮ ಕುಡುಗೋಲು ತೊಳೆದು, ಬದುವಿನ ಮೇಲಿಟ್ಟು ಹೋದಳು. ಆ ವಾರವೇ ಬ್ಯಾರನ್‌ಗೆ ಸೇರಿದಳು ಅಂತ ಗೊತ್ತಾಯಿತು. ಡಾಕ್ಟರನ್ನು ಇಷ್ಟು ಹೊತ್ತು ಹಳಿದವನು ನನ್ನನ್ನು ಬಿಟ್ಟರೆ ತೂಕ ಸರಿಹೋಗುವುದಿಲ್ಲ. ಅವರು ಗಿಡ ನೋಡದ ಕುರುಡರು. ನಾನು ನೋಡಿಯೂ ಬಾಯಿ ಮುಚ್ಚಿದವನು. ಯಾವುದು ಕಡಿಮೆ ಅಂತ ನೀವೇ ತೂಗಿ.

ಡಾಕ್ಟರು ಸಾಲನ್ನು ಉಳಲು ಹೇಳಿ ಹೋದರು. ಪ್ಲಾಟು ಮುಚ್ಚುವವರೆಗೆ ಇರಲಿ, ಹೇಗೂ ಒಂದೆರಡು ತಿಂಗಳು ಅಂತ ಬೇಡಿಕೊಂಡು ಉಳಿಸಿದೆ. ಅವಳಿಗೆ ಮಾಡಿದ್ದಕ್ಕೆ ಗಿಡಗಳಿಗಾದರೂ ನೀರು ಹಾಕೋಣ ಅನ್ನುವಂಥ ಅಗ್ಗದ ಪಶ್ಚಾತ್ತಾಪ.

ಹೊಗೆಸೊಪ್ಪಿನವರಿಗೆ ಗೊತ್ತಿರುವ ಇನ್ನೊಂದು ಸಂಗತಿ ಇದೆ. ಕುಡಿ ಮುರಿದರೆ ಎಲೆ ಸಂದುಗಳಿಂದ ಮರಿಕುಡಿ ಏಳುತ್ತವೆ. ಅವನ್ನೂ ಚಿವುಟುತ್ತಾ ಇರಬೇಕು. ಸಣ್ಣಮ್ಮ ಇದ್ದಿದ್ದರೆ ಚಿವುಟುತ್ತಿದ್ದಳೇನೋ. ಅವಳಿರಲಿಲ್ಲ, ಹನ್ನೆರಡನೇ ಸಾಲಿನಲ್ಲಿ ಮರಿಕುಡಿ ಎದ್ದವು. ಅಷ್ಟರಲ್ಲಿ ಪಕ್ಕದ ಏಳನೇ ಸಾಲು ಹೂ ಬಿಟ್ಟು, ಉದುರಿಸಿ, ಕಾಯಿ ಕಟ್ಟುತ್ತಿತ್ತು. ತುದಿಯಲ್ಲಿ ಉಳಿದಿದ್ದ ನಾಲ್ಕು ಹೂವನ್ನು ನಾನೇ ಕಿತ್ತೆ. ಅದು ಪೂರ್ತಿ ಮುಗಿದ ಮೇಲೆ ಇವು ಅರಳಿದವು. ಜೇನಿಗೆ ತರಲು ಬೇರೆ ಪುಡಿಯೇ ಇರಲಿಲ್ಲ, ಆ ಇಪ್ಪತ್ತು ಗಿಡದ್ದು ಆ ಇಪ್ಪತ್ತಕ್ಕೇ. ಡಾಕ್ಟರು ಜಾಗದಲ್ಲಿ ಕೊಡದ ಅಂತರವನ್ನು ಸಣ್ಣಮ್ಮನ ಕೈ ಕಾಲದಲ್ಲಿ ಕೊಟ್ಟಿತ್ತು. ಬಿಸಿಲೇರುವ ಮೊದಲು ಎರಡು ಹಿಡಿ ಬೀಜ ಸಿಕ್ಕಿತು. ಶುದ್ಧವಾದ ಎರಡು ಹಿಡಿ.

ಮುಂದಿನ ಮಳೆಗೆ ಬಿತ್ತಿದೆವು. ಸಾಲಿಡೀ ಮುಸುಕು ಹೊದ್ದ ಬಿಳಿ ಗೆಡ್ಡೆಗಳು. ಅದೇ ಮಂಡಿಯವನಿಗೆ ಒಯ್ದು ಕೊಟ್ಟರೆ ಎರಡು ಎಲೆ ಮುರಿದು, ಮೂರನೆಯದಕ್ಕೆ ಕೈ ಹಾಕದೆ, ಎಲ್ಲಿದ್ದು ಇದು ಅಂದ. ಪ್ಲಾಟು ಉಳಿಯಿತು.

ದೊಡ್ಡ ಆಫೀಸಿನಿಂದ ನಾಲ್ಕು ಜನ ನೋಡಲು ಬಂದರು. ಡಾಕ್ಟರು ಅವರಿಗೆ ಬದುವಿನ ಮೇಲೆ ನಿಂತು ವಿವರಿಸಿದರು: ದಂಟಿನ ತುದಿ ತೆಗೆದು ಹೂವಿನ ಕಾಲವನ್ನು ಮುಂದೂಡುವ ವಿಧಾನವನ್ನು ನಾವು ಇಲ್ಲಿ ಅಳವಡಿಸಿಕೊಂಡಿದ್ದೇವೆ. ನಾವು! ಹಿಂದಿನ ವರ್ಷ ಒಬ್ಬ ಹೆಂಗಸನ್ನು ಓಡಿಸಿದ ಅಪರಾಧ ಈ ವರ್ಷ ವಿಧಾನವಾಗಿತ್ತು. ಆ ನಾಲ್ವರೂ ಬರೆದುಕೊಂಡರು. ನಾನು ಆಗಲೂ ಸುಮ್ಮನಿದ್ದೆ, ಅಭ್ಯಾಸವಾಗಿತ್ತು.

ಎರಡನೇ ಸಲ ಬೀಜಕ್ಕೆ ಬಿಟ್ಟಾಗ ವಿಧಾನವನ್ನು ಟೋಪಿ ಹುಡುಗರ ಕೈಗೆ ಕೊಟ್ಟರು. ಅವರು ಕತ್ತರಿ ತಂದು, ದಂಟಿನ ನಡುವಿಗೆ ಕತ್ತರಿಸಿದರು. ಜಜ್ಜಿದ ಜಾಗಕ್ಕೆ ಮಳೆನೀರು ಇಳಿದು ಮೊದಲ ದಿನದ ಆರು ಗಿಡ ವಾರದೊಳಗೆ ಕೊಳೆತು ನಿಂತವು. ನಾನು ಕೈಯಲ್ಲಿ ಮುರಿದು ನೋಡಿದೆ, ಸಿಪ್ಪೆ ಸಮೇತ ಸೀಳಿತು. ಉಳಿದ ಗಿಡಗಳ ಹೂ ಇನ್ನು ನಾಲ್ಕು ದಿನದಲ್ಲಿ ಒಡೆಯುವುದಿತ್ತು. ಒಡೆದರೆ ಡಾಕ್ಟರು ಆ ವರ್ಷವೂ ಪಕ್ಕದಲ್ಲೇ ಬಿಡಿಸಿದ್ದ ಏಳನೇ ಸಾಲಿನ ಜೊತೆ ಬೆರಕೆ, ಅಲ್ಲಿಗೆ ಆ ತಳಿಯ ಕತೆ ಮುಗಿದ ಹಾಗೆ. ಡಾಕ್ಟರು ಬಂದು ನೋಡಿ, ಹೋದ ವರ್ಷ ಯಾರೋ ಒಬ್ಬಳು ಮಾಡಿದ್ದಳಲ್ಲ, ಅವಳನ್ನೇ ಕರೆಸಿ ಅಂದರು.

ಬ್ಯಾರನ್ ಹತ್ತಿರ ಹೋದೆ. ಸಣ್ಣಮ್ಮ ಹೊರಗೆ ಜಗಲಿಯ ಮೇಲೆ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದಳು, ಮಧ್ಯೆ ಮಧ್ಯೆ ಕೆಮ್ಮು. ಇಳಿದುಹೋಗಿದ್ದಳು. ನಾನು ಸಾಮಾನು ಕೊಳ್ಳಲು ಬಂದವನ ಹಾಗೆ ದೂರದಿಂದ ಶುರು ಮಾಡಿದೆ. ವರ್ಷವಿಡೀ ಕೆಲಸ ಅಂದೆ. ಕೂಲಿ ಹೆಚ್ಚು ಮಾಡಿಸುತ್ತೇನೆ ಅಂದೆ. ಬ್ಯಾರನ್ ತಪ್ಪುತ್ತದೆ ಅಂದೆ. ಅವಳು ದಾರ ಸುತ್ತುತ್ತಲೇ ಇದ್ದಳು.

‘ಕೂಲಿ ಮಾತು ಆಮ್ಯಾಕೆ. ಅವತ್ತು ನಿಮ್ ಬೆಳೆ ಅಂದ್ಕಂಡು ನೋಡ್ಕಳಿ ಅಂದೋರು ಯಾರು ಅಂತ ಆ ಡಾಕ್ಟ್ರ ಮುಂದೆ ಯೇಳ್ತೀರಾ?’

ನಿಮ್ಮ ಜೊತೆಯವರ ಮುಂದೆ ಹೇಳುತ್ತೇನೆ, ಊರಿನ ಯಜಮಾನರ ಮುಂದೆ ಹೇಳುತ್ತೇನೆ, ಡಾಕ್ಟರು ಮಾತ್ರ ಬೇಡ ಅಂದೆ. ಅರ್ಧಕ್ಕೆ ಇಳಿಸುವುದು ನನಗೆ ರಕ್ತದಲ್ಲಿ ಬಂದದ್ದು.

‘ನೀವ್ ಯಾಪಾರಕ್ ಬಂದಿದ್ರೆ ನನ್ ತಾವ ಇರೋದು ಒಂದೇ ರೇಟು ಕಣಣ್ಣ’ ಅಂದಳು. ‘ಬೇಕಾದ್ರೆ ತಕಳಿ, ಇಲ್ದಿದ್ರೆ ಬುಡಿ.’

ಮೂವತ್ತು ವರ್ಷ ಮಂಡಿಯಲ್ಲಿ, ಕಂಪನಿಯಲ್ಲಿ ಎಷ್ಟೋ ಜನರ ಜೊತೆ ಕೂತೆದ್ದಿದ್ದೇನೆ. ಅಷ್ಟು ಗಟ್ಟಿಯಾದ ಬೆಲೆ ಯಾರೂ ಹೇಳಿರಲಿಲ್ಲ.

ಮಾರನೇ ಬೆಳಗ್ಗೆ ಅವಳು ನನ್ನ ಹಿಂದೆ ಪ್ಲಾಟಿಗೆ ಬಂದಳು. ಉಳಿದ ನಾಲ್ವರೂ ಕಳೆ ಕೀಳುವುದು ಬಿಟ್ಟು ಎದ್ದು ನಿಂತರು. ಡಾಕ್ಟರು ಜೀಪಿನಿಂದ ಇಳಿದು ಗಡಿಯಾರ ನೋಡಿಕೊಂಡರು. ನಾನು ಕೆಲಸ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ ಬಂದಿದ್ದೆ.

‘ಸಾರ್, ಹೋದ ವರ್ಷ ಇವರದು ತಪ್ಪಿರಲಿಲ್ಲ. ನಿಮ್ಮ ಬೆಳೆ ಹಾಗೆ ನೋಡ್ಕೊಳ್ಳಿ ಅಂದವನು ನಾನು. ಬೀಜಕ್ಕೆ ಬಿಟ್ಟಿದ್ದು ಅಂತ ನಾನೇ ಹೇಳಿರಲಿಲ್ಲ. ನೀವು ಕೇಳಿದಾಗ ಬಾಯಿ ಮುಚ್ಕೊಂಡಿದ್ದೆ.’

‘ಅದೆಲ್ಲ ಹಳೇ ವಿಷಯ ಬಿಡ್ರಿ, ಮೊದಲು ಕೆಲಸ ಶುರು ಮಾಡ್ಸಿ’ ಅಂದು ಡಾಕ್ಟರು ಜೀಪಿನ ಕಡೆ ತಿರುಗಿದರು.

ಅಷ್ಟೇ. ಅವರ ಕಿವಿಗೆ ಅದು ಬಿದ್ದಿತೋ ಇಲ್ಲವೋ. ಯಾವ ಮಾತನ್ನು ಮುಚ್ಚಿಡಲು ನಾನು ಒಬ್ಬ ಹೆಂಗಸನ್ನು ಬ್ಯಾರನ್ ಬಿಸಿಗೆ ನೂಕಿದ್ದೆನೋ, ಆ ಮಾತಿಗೆ ಅವರ ಹತ್ತಿರ ಕವಡೆ ಕಿಮ್ಮತ್ತೂ ಇರಲಿಲ್ಲ. ಮೇಲಿನವರಿಗೆ ಹೆದರಿ ನೀವು ಕೆಳಗಿನವರ ಬೆನ್ನ ಹಿಂದೆ ಅಡಗುತ್ತೀರಲ್ಲ, ಹುಡುಗರೇ, ಅಷ್ಟು ಕಷ್ಟಪಡಬೇಡಿ. ಅವರು ನಿಮ್ಮನ್ನು ನೋಡುತ್ತಲೂ ಇರುವುದಿಲ್ಲ.

ಸಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹನ್ನೆರಡನೇ ಸಾಲಿಗೆ ಇಳಿದಳು. ಮೊದಲ ದಂಟನ್ನು ಎರಡು ಬೆರಳಲ್ಲಿ ಹಿಡಿದು, ಗಿಣ್ಣಿನಿಂದ ಒಂದು ಬೆರಳು ಮೇಲಕ್ಕೆ, ಪಕ್ಕಕ್ಕೆ ಬಾಗಿಸಿ ಲಟಕ್ಕನೆ ಮುರಿದಳು. ಸಿಪ್ಪೆ ಸೀಳಲಿಲ್ಲ. ಮುರಿದ ಕುಡಿಯನ್ನು ನನ್ನ ಕೈಗೆ ಕೊಟ್ಟು, ತಲೆ ಎತ್ತದೆ ಕೇಳಿದಳು:

‘ಇಷ್ಟು ಸಲೀಸಾದ್ ಮಾತ್ಗೆ ಒಂದ್ ವರ್ಸ ಬೇಕಾಯ್ತಾ ಅಣ್ಣ?’

ಕುಡಿ ಹಿಡಿದುಕೊಂಡೇ ನಾನೂ ಸಾಲಿಗೆ ಇಳಿದೆ. ಅವಳು ಎರಡನೇ ಗಿಡಕ್ಕೆ ಹೋದಳು.